ಟೇಪು ೪೧೭

ಹಲ್ ಬಂದರು ಮಂಡಳಿಯ ಸಭೆಗಳಿಗೆ
ಹದಿನೇಳು ವರ್ಷ ಹೋದಳು ಮ್ಯೂರಿಯಲ್ ಗಾರ್ಸೈಡ್.
ಮೂಲೆಯ ಕುರ್ಚಿ, ಹೀಟರಿನ ಪಕ್ಕ,
ಮೊಣಕಾಲ ಮೇಲೆ ರೆಕಾರ್ಡರು.
ಮೊದಮೊದಲು ಚಹಾ ತರುವವಳೆಂದುಕೊಂಡರು;
ಒಮ್ಮೆ ತಂದೂ ಕೊಟ್ಟಳಂತೆ,
ಯಾರು ಯಾರಿಗೆ ಸಕ್ಕರೆ ದಾಟಿಸುತ್ತಾರೆ ನೋಡಲು.

ಆ ಟೇಪುಗಳನ್ನು ಟೈಪು ಮಾಡಿದವಳು ನಾನು,
ಪುಟಕ್ಕಿಷ್ಟು ಪೆನ್ಸ್ ಅಂತ.
"ಮೌನವನ್ನೂ ಹೊಡಿ ಮೇವಿಸ್,
ಸೆಕೆಂಡು ಎಣಿಸಿ ಹೊಡಿ."
ಹಾಗಾಗಿ ನನ್ನ ಹಾಳೆಗಳಲ್ಲಿ
ಕೆಮ್ಮು ಇದೆ, ಕುರ್ಚಿಯ ಕಿರ್ರು ಇದೆ,
ಕಿಟಕಿಯಾಚೆ ಕಡಲಹಕ್ಕಿಗಳ ಜಗಳ ಇದೆ,
ಒಂಬತ್ತು ಸೆಕೆಂಡು ಯಾರೂ ಏನೂ ಅನ್ನದ್ದು ಇದೆ.

ತೀರ್ಮಾನ ಎಲ್ಲಿದೆ ಎಂದು ಮಾತ್ರ ಕೇಳಬೇಡಿ.
ನಾನೂ ಹುಡುಕಿದ್ದೇನೆ.
ಐಸು ಕಾರ್ಖಾನೆ ಮುಚ್ಚಿದ ಸಭೆ, ಟೇಪು ೪೧೭:
ಮುಚ್ಚೋಣ ಎಂದು ಒಬ್ಬನೂ ಅನ್ನುವುದಿಲ್ಲ.
ಲೆಕ್ಕದವನು ಹಾಳೆ ಮಗುಚುತ್ತಾನೆ,
ಅಧ್ಯಕ್ಷರು ಮಂಜಿನ ಮಾತೆತ್ತುತ್ತಾರೆ,
ಯಾರೋ "ಐದು ನಲವತ್ತರ ಬಸ್ಸು" ಅನ್ನುತ್ತಾರೆ,
ಆಮೇಲೆ ಕೋಟುಗಳ ಸರಬರ.
ಮರುವಾರದ ವರದಿಯಲ್ಲಿ: ಸರ್ವಾನುಮತದಿಂದ.
ಇನ್ನೂರಾ ಹನ್ನೊಂದು ಜನರ ಕೆಲಸ
ಆ ಸರಬರದೊಳಗೆ ಹೋಯಿತು.
ನನ್ನ ಅಣ್ಣನದೂ.

"ತೀರ್ಮಾನವೆಂದರೆ ಅವರು ತೆಗೆದುಕೊಂಡದ್ದಲ್ಲ,
ಬಸ್ಸಿನ ಹೊತ್ತಿಗೆ ಮೇಜಿನ ಮೇಲೆ ಉಳಿದದ್ದು"
ಎಂದು ಪುಸ್ತಕದಲ್ಲಿ ಬರೆದಳು.
ಪ್ರೊಫೆಸರುಗಳು ನಕ್ಕರು. ಆಮೇಲೆ ಪಾಠಕ್ಕಿಟ್ಟರು.
ಅಣ್ಣ ಆ ಸಾಲು ಓದಿ ಕೇಳಿದ:
"ಹಾಗಾದರೆ ನಾನು ಯಾರನ್ನು ಬಯ್ಯಲಿ?"
ಅದನ್ನು ಅವಳಿಗೆ ಮುಟ್ಟಿಸಿದೆ.
ಹನ್ನೆರಡು ಸೆಕೆಂಡು.

ಕಳೆದ ನವೆಂಬರಿನಲ್ಲಿ
ಅವಳ ಅಡುಗೆಮನೆಯ ಮೇಜಿನ ಮೇಲೆ
ಆಸ್ಪತ್ರೆಯ ಎರಡು ಫಾರಮು,
ಕೊಯ್ಯಿಸಿಕೊಳ್ಳಲು ಒಂದು, ಸುಮ್ಮನಿರಲು ಒಂದು.
ಬೆಕ್ಕಿನ ಮಾತಾಡಿದೆವು, ಗ್ಯಾಸಿನ ಬಿಲ್ಲಿನ ಮಾತಾಡಿದೆವು,
ಮೀನು ಹೋಗಿ ಎಷ್ಟೋ ಕಾಲವಾದ ಊರಿನಲ್ಲಿ
ಇಬ್ಬರೂ ಮೀನಮೇಷ ಎಣಿಸುತ್ತ.
ಬಿಸ್ಕೆಟ್ ಡಬ್ಬಿ ಒಂದು ಫಾರಮಿನ ಮೇಲೆ ಬಂದು ಕೂತಿತು;
ಇಟ್ಟದ್ದು ನಾನೋ ಅವಳೋ.

ಬಸ್ಸಿನ ಹೊತ್ತಾಯಿತು.
ಎದ್ದು ಕೋಟಿನ ತೋಳಿಗೆ ಕೈ ತೂರಿಸಿದೆ.
ಅವಳು ಆ ತೋಳನ್ನೇ ನೋಡುತ್ತಿದ್ದಳು,
ಮೂಲೆಯ ಕುರ್ಚಿಯಿಂದ ನೋಡುವಂತೆ,
ಮೊಣಕಾಲ ಮೇಲೆ ಬರಿಗೈ.

ಕೋಟನ್ನು ಮತ್ತೆ ಗೂಟಕ್ಕೆ ಹಾಕಿದೆ.
ಡಬ್ಬಿ ಎತ್ತಿದೆ.