ತಾಗಿತು

ಫೆನ್ಸಿಂಗ್ ಕಲಿಯಲು ಹೋಗುತ್ತೇನೆ ಅಂದಾಗ
ಎದುರು ಮನೆಯ ದೇಚಮ್ಮ ಕೇಳಿದರು:
ಸೋಲಾರಿನದ್ದೋ, ಮುಳ್ಳುತಂತಿಯದ್ದೋ?
ತಿತಿಮತಿ ಕಡೆಯ ತೋಟಕ್ಕೆ ಅವರೂ ಹಾಕಿಸಬೇಕಂತೆ,
ಆನೆ ಮೂರು ಸಲ ಬಂದಾಯಿತಂತೆ,
ಮೀಟರಿಗೆ ಎಷ್ಟು ಬೀಳುತ್ತದೆ ಕೇಳಿಕೊಂಡು ಬಾ ಅಂದರು.

ಗೋಣಿಕೊಪ್ಪದ ಹಳೆಯ ಕಾಫಿ ಗೋದಾಮು.
ಭಾನುವಾರ, ಬೆಳಿಗ್ಗೆ ಏಳು.
ನೆಲದ ಬಿರುಕಿನಲ್ಲಿ ಇನ್ನೂ ಹೊಟ್ಟು,
ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದು
ಕೂಡಲು ಮರೆತ ಮೂಟೆಗಳ ಲೆಕ್ಕ.
ಹನ್ನೊಂದು ಮಕ್ಕಳು, ಕೋಳಿ ಅಂಗಡಿಯ ಉಬೈದ್,
ಮತ್ತೆ ನಾನು. ವಯಸ್ಸು ಐವತ್ತೆರಡು,
ಅಂಚೆ ಕಚೇರಿ, ಎರಡನೇ ಕೌಂಟರು,
ಎಡ ಮಂಡಿಯಲ್ಲಿ ವಾಯು.

ಕಲಿಸುವವಳು ಇಂಫಾಲದ ಹುಡುಗಿ, ಲಿಂಥೋಯಿ.
ಅವಳ ಹತ್ತಿರ ಇರುವುದು ನಾಲ್ಕೇ ಕನ್ನಡ ಮಾತು:
ಮುಂದೆ. ಹಿಂದೆ. ಮಂಡಿ. ಇನ್ನೊಮ್ಮೆ.
ಮೂರು ವಾರ ಕತ್ತಿಯನ್ನೇ ತೋರಿಸಲಿಲ್ಲ.
ಗದ್ದೆ ಬದುವಿನ ಏಡಿಯಂತೆ ಓರೆ ನಿಂತು
ಮುಂದೆ, ಹಿಂದೆ, ಮಂಡಿ,
ಇನ್ನೊಮ್ಮೆ.

ನಾಲ್ಕನೆಯ ವಾರ ಕೈಗೆ ಬಂತು.
ಇದಾ ಕತ್ತಿ?
ಹರಿತವಿಲ್ಲ, ತುದಿಗೊಂದು ಮೊಂಡು ಗುಂಡಿ,
ಒತ್ತಿದರೆ ಬಾಗುತ್ತದೆ
ಮೈಸೂರಿನಿಂದ ಸಾಹೇಬರು ಬಂದಾಗ ನಮ್ಮ ಪೋಸ್ಟ್‌ಮಾಸ್ಟರ ಹಾಗೆ.
ಮನೆಯ ಒಡಿಕತ್ತಿ ನೆನಪಾಯಿತು.
ಕೈಲ್ ಮುಹೂರ್ತದ ದಿನ ತೋಕ್‌ಪೂ ಸಿಕ್ಕಿಸಿ
ಗಂಡಸರು ಸಾಲಾಗಿ ಇಟ್ಟದ್ದಕ್ಕೆ
ದೂರದಿಂದ ಕೈ ಮುಗಿದಿದ್ದೇನೆ ಅಷ್ಟೆ.
ಹಿಂದಿನ ರಾತ್ರಿ ಹುಣಸೆಹುಳಿ ಹಚ್ಚಿ ತೊಳೆದವಳು ನಾನೇ,
ಆದರೆ ತೊಳೆಯುವುದು ಹಿಡಿದ ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಮುಖಕ್ಕೆ ಜಾಲರಿ.
ಇದೊಂದು ಹೊಸತಲ್ಲ ನನಗೆ.
ಇಪ್ಪತ್ತೊಂಬತ್ತು ವರ್ಷ ಜಾಲರಿಯ ಈಚೆ ಕೂತು
ಊರಿನ ಮುಖ ನೋಡಿದ್ದೇನೆ:
ಪಿಂಚಣಿ ಬಾರದ ಮುಖ,
ಸಹಿ ಹೊಂದದ ಮುಖ,
ಬರದ ಕಾಗದವನ್ನು ನಾನೇ ಬಚ್ಚಿಟ್ಟಂತೆ ನೋಡಿದ ಮುಖ.

ಎದುರಿಗೆ ಸಫ್ವಾನ. ಹನ್ನೆರಡು ವರ್ಷ, ಹಲ್ಲಿಗೆ ಕ್ಲಿಪ್ಪು.
ದೀಪ ಹೊತ್ತುವ ಪೆಟ್ಟಿಗೆಗೆ ಕ್ಲಬ್ಬಿನಲ್ಲಿ ದುಡ್ಡಿಲ್ಲ.
ಹಾಗಾಗಿ ನಿಯಮ ಒಂದೇ:
ತಗುಲಿಸಿಕೊಂಡವರೇ ಕೈ ಎತ್ತಿ ಹೇಳಬೇಕು, ತಾಗಿತು ಅಂತ.
ಹೊಡೆದವರು ಬಾಯಿ ಬಿಡುವ ಹಾಗಿಲ್ಲ.

ಹೆಗಲಿಗೆ. ತಾಗಿತು.
ಪಕ್ಕೆಗೆ. ತಾಗಿತು.
ಎದೆಗೆ, ಸರಿಯಾಗಿ ಗುಂಡಿಯ ಮೇಲೆ. ತಾಗಿತು.
ನಾಲ್ಕನೆಯದು ಜಾಕೆಟ್ಟಿನ ನೆರಿಗೆಯಲ್ಲಿ ಜಾರಿತು
ಅನ್ನಬಹುದಿತ್ತು.
ಯಾರೂ ನೋಡಿರಲಿಲ್ಲ, ಉಬೈದ್ ನೀರು ಕುಡಿಯುತ್ತಿದ್ದರು.
ಆದರೂ ಕೈ ಮೇಲೆ ಹೋಯಿತು.
ಮನೆಯಲ್ಲಿ ಎಷ್ಟೋ ತಾಗಿವೆ ಈ ಮೂವತ್ತು ವರ್ಷ.
ಯಾರೂ ಕೈ ಎತ್ತಿದ್ದಿಲ್ಲ.
ನಾನೂ.

ಐದನೆಯದಕ್ಕೆ ಅವಳು ನುಗ್ಗಿದಾಗ
ಕಾಲು ಹಿಂದೆ ಸರಿಯಿತು, ಒಂದೇ ಹೆಜ್ಜೆ.
ಅವಳ ತುದಿ ಗೇಣು ದೂರದಲ್ಲಿ ನಿಂತಿತು.
ಹಾಂ! ಅಂದಳು ಲಿಂಥೋಯಿ, ಐದನೆಯ ಕನ್ನಡ.
ಅದನ್ನು ಕಲಿಸಿದ್ದು ಅವಳಲ್ಲ.
ಮಾಲ್ದಾರೆ ರಸ್ತೆಯ ತಿರುವು, ಸ್ಕೂಟಿ ಆರಿಹೋಗಿ,
ಎದುರಿಗೆ ಒಂಟಿ ಸಲಗ.
ಬೆನ್ನು ತೋರಿಸದೆ, ಓಡದೆ,
ಅದರ ಕಿವಿಯನ್ನಷ್ಟೇ ನೋಡುತ್ತ
ಹಿಂದೆ. ಹಿಂದೆ. ಹಿಂದೆ.

ಐದು ಸೊನ್ನೆ ಆಗಲಿಲ್ಲ ಅಂತಲ್ಲ. ಆಯಿತು.
ಮುಂದಿನ ಉಸಿರಿಗೇ ಚುಚ್ಚಿ
ಕ್ಲಿಪ್ಪು ಕಾಣುವಂತೆ ನಕ್ಕಳು.

ಸೋಮವಾರ ಹನ್ನೊಂದಕ್ಕೆ ಬಿದ್ದಪ್ಪನವರು
ಆರ್‌ಡಿ ಪುಸ್ತಕವನ್ನು ಹಲಗೆಗೆ ಬಡಿದು
ಸಂಬಳ ಕೊಡುವುದು ನಿದ್ದೆ ಮಾಡಲಿಕ್ಕಾ ಅಂದರು.
ಏಪ್ರಿಲ್ ಕಂತು ಬರೆಯಲು ಮರೆತದ್ದು ನಾನೇ.
ಮೇಜಿನಡಿ ಮಂಡಿ ತಾನಾಗಿ ಬಾಗಿತು.
ಕೈ ಎತ್ತಿದೆ.
ತಾಗಿತು, ಅಂದೆ.

ಏನು ತಾಗಿತು?
ಹೇಳಲಿಲ್ಲ. ಪುಸ್ತಕ ಎಳೆದು ಬರೆದು, ಮೊಹರು ಒತ್ತಿ ಕೊಟ್ಟೆ.
ಅವರು ಕನ್ನಡಕ ಒರೆಸಿಕೊಂಡು
ಜಾಲರಿಯ ಹತ್ತಿರ ಮುಖ ತಂದು ಸ್ವಲ್ಪ ಹೊತ್ತು ನೋಡಿ
ಐದು ರೂಪಾಯಿಯ ಎರಡು ಸ್ಟಾಂಪು ಕೊಡಿ, ಅಂದರು.