ಪರದೆ ಕಾಣೆಯಾದದ್ದು

ನರಿನ್ ಪೇಟೆಗೆ ಚೀನಾದ ಅಗ್ಗದ ಹೊದಿಕೆ ಬಂದ ವರ್ಷ
ಸೂಜಿಡಬ್ಬಿ ಮುಚ್ಚಿಟ್ಟಳು ಬುರುಲ್ಚಾ.
"ಯಾರಿಗೆ ಬೇಕು ಈ ಚಿಂದಿ?" ಅಂದಳು, ಅಷ್ಟೇ.
ಅತ್ತೆ ಕೊಟ್ಟ ಪೊಡೋಲ್ಸ್ಕ್ ಹೊಲಿಗೆಮಿಷನ್ನಿನ ಮೇಲೆ
ಆಲೂಗಡ್ಡೆ ಬುಟ್ಟಿ ಕೂತಿತು.
ಮೂರು ಚಳಿಗಾಲ.

ಮೊನ್ನೆ ಪಕ್ಕದ ಮನೆಯ ಎರ್ಮೆಕ್
ಮಂಡಿ ಹರಿದ ಪ್ಯಾಂಟು ತಂದ;
"ತೇಪೆ ಹಾಕಿಕೊಡಿ, ಅಮ್ಮನಿಗೆ ಹೇಳಬೇಡಿ."
ಬುಟ್ಟಿ ಇಳಿಯಿತು. ಚಕ್ರಕ್ಕೆ ಎಣ್ಣೆ ಬಿತ್ತು.
ತೇಪೆ ಕತ್ತರಿಸಿ ಉಳಿದ ನೀಲಿ ಮುಕ್ಕೋನವೊಂದು
ಮೇಜಿನ ಕೆಂಪು ಕರವಸ್ತ್ರದ ಪಕ್ಕ ಹೋಗಿ ಬಿತ್ತು.
ಅವಳು ನೋಡಿದಳು.
ಆ ನೋಟ ನನಗೆ ಗೊತ್ತು:
ಮದುವೆಗೆ ಮುಂಚೆ ಒಮ್ಮೆ ನನ್ನನ್ನೂ ಹಾಗೇ ನೋಡಿದ್ದಳು,
ಎಲ್ಲಿ ಕತ್ತರಿಸಿದರೆ ಎಲ್ಲಿ ಕೂಡುತ್ತಾನೆ ಇವನು, ಎಂದು.

ಈಗ ಅಡುಗೆಮನೆಯ ಕಿಟಕಿಗೆ ಪರದೆಯಿಲ್ಲ.
ಬಸ್ಸು ಓಡಿಸುವ ನನ್ನ ಹಳೇ ಕೋಟಿಗೆ ಒಂದೇ ತೋಳು.
ಚಹಾ ಆರಿದೆ, ರೊಟ್ಟಿ ಸೀದಿದೆ,
ನಡುಮನೆ ತುಂಬ ಮೂರು ಕೌದಿ, ಒಂದೂ ಮುಗಿದಿಲ್ಲ;
ನಾಲ್ಕನೆಯದಕ್ಕೆ ಬಣ್ಣ ಹುಡುಕುತ್ತ
ಪೆಟ್ಟಿಗೆಯೊಳಗೆ ತಲೆ ಹಾಕಿದ್ದಾಳೆ.

"ಮೊದಲು ಒಂದನ್ನಾದರೂ ಮುಗಿಸಬಾರದೇ?"
ಹಲ್ಲಲ್ಲಿ ದಾರ ಕಚ್ಚಿಕೊಂಡೇ ತಿರುಗಿದಳು:
"ಅಲ್ಲಾ, ನಿನ್ನ ಅಂಗಿಯ ಈ ಹಸಿರು
ಎಷ್ಟು ವರ್ಷದಿಂದ ಇತ್ತು ಈ ಮನೆಯಲ್ಲಿ?"

ನಾನು ಗುಂಡಿ ಬಿಚ್ಚತೊಡಗಿದೆ.