ಆಕ್ಷೇಪಣೆ ಇದ್ದಲ್ಲಿ

ಸೂರ್ಲಬ್ಬಿಯಾಚೆ, ಕಲ್ಲುಕೋರೆಗೆ ಗುರುತಿಟ್ಟ ಗುಡ್ಡದಲ್ಲಿ
ಧೂಪದ ಮರಕ್ಕೆ ನೋಟೀಸು ಅಂಟಿಸಿದ್ದು ನಾನೇ.
ಮೈದಾ ಅಂಟು, ನಾಲ್ಕೂ ಮೂಲೆಗೆ.
ತಕರಾರಿದ್ದವರು ಮೂವತ್ತು ದಿನದೊಳಗೆ ಹೇಳಬೇಕು.

ಕುಡಿಯರ ಬೆಳ್ಯಪ್ಪ ಬೀಡಿ ಆರಿಸಿ ಮೇಲೆ ನೋಡಿದ:
“ಒಳಗೆ ಒಬ್ಬಳಿದ್ದಾಳೆ.”

ಮಂಗಟ್ಟೆ.
ಪೊಟರೆಯ ಬಾಯಿ ತಾನೇ ಮೆತ್ತಿ
ಕೊಕ್ಕಿನಗಲ ಸಂದಿ ಉಳಿಸಿಕೊಂಡವಳು,
ಗರಿ ಉದುರಿಸಿ ಕಾವು ಕೂತವಳು.
ಹೊರಬರಲು ಇನ್ನೆರಡು ತಿಂಗಳು.

ಗಂಡು ಬಂತು, ಗಾಳಿ ಹರಿದ ಸದ್ದು.
ಗಂಟಲಿನಿಂದ ಒಂದೊಂದೇ ಅತ್ತಿಹಣ್ಣು ತೆಗೆದು
ಸಂದಿಗೆ ಕೊಟ್ಟಿತು. ಒಂದು ಜಾರಿ
ಸರ್ವೆ ನಂಬರಿನ ಮೇಲೆ ಒಡೆಯಿತು.

ಫಾರಂನಲ್ಲಿ ‘ವಾಸವಿರುವವರು’ ಎಂಬಲ್ಲಿ
ಸಾಹೇಬರು ಮೊದಲೇ ಗೆರೆ ಎಳೆದಿದ್ದರು.
ಗೆರೆಯ ಮೇಲೆಯೇ ಬರೆದೆ:
ಒಬ್ಬಳು.
ಬಾಗಿಲು ಒಳಗಿನಿಂದ ಹಾಕಿದೆ.
ನೋಟೀಸು ಜಾರಿಯಾಗಿಲ್ಲ.